ಸಂಪೀಡನಕ್ಕಾಗಿ ಹದಿನಾಲ್ಕು ವರ್ಷ: ನಿಕೊಲಾಸ್ ಒಟ್ಟೊ

ಉಷ್ಣ ಎಂಜಿನ್ ಪಾಠದ ಪೀಠಿಕೆಗೆ ನಾನು ಗೋದಾಮಿನ ಫೋರ್ಕ್‌ಲಿಫ್ಟ್ ಚಿತ್ರ ತೋರಿಸುತ್ತೇನೆ. ಹಿಂದೆ ಅನಿಲದ ಸಿಲಿಂಡರ್, ಮುಂದೆ ಭಾರ ಎತ್ತುವ ಎರಡು ಕಬ್ಬಿಣದ ಕವಲು. ಇದರ ಪೂರ್ವಜ 1917ರಲ್ಲಿ ಅಮೆರಿಕದ ಕ್ಲಾರ್ಕ್ ಕಂಪನಿ ತನ್ನ ಕಾರ್ಖಾನೆಯೊಳಗಿನ ಸಾಗಾಟಕ್ಕೆಂದು ಮಾಡಿಕೊಂಡ ಪೆಟ್ರೋಲ್ ಗಾಡಿ. ಎರಡರ ಹೊಟ್ಟೆಯಲ್ಲೂ ಇರುವುದು ಒಟ್ಟೊನ ನಾಲ್ಕು ಹೊಡೆತದ ಚಕ್ರ.

ಒಟ್ಟೊ 1832ರಲ್ಲಿ ಜರ್ಮನಿಯ ಹೋಲ್ಟ್ಸ್‌ಹೌಸನ್ ಎಂಬ ಹಳ್ಳಿಯಲ್ಲಿ ಹುಟ್ಟಿದ. ಹಸುಗೂಸಾಗಿದ್ದಾಗಲೇ ತಂದೆ ತೀರಿಕೊಂಡ. ಬೆಳೆದು ಊರೂರು ತಿರುಗಿ ಚಹ, ಸಕ್ಕರೆ ಮಾರುವ ಪ್ರತಿನಿಧಿಯಾದ. ಎಂಜಿನಿಯರಿಂಗ್ ಓದಿರಲಿಲ್ಲ. ಫ್ರಾನ್ಸಿನಲ್ಲಿ ಲೆನ್ವಾರ್ ಕಲ್ಲಿದ್ದಲ ಅನಿಲದ ಎಂಜಿನ್ ಮಾಡಿದ ಸುದ್ದಿ ತಿಳಿದು, 1861ರಲ್ಲಿ ಕಲೋನಿನ ಮೆಕ್ಯಾನಿಕ್ ಒಬ್ಬನಿಂದ ಅಂಥದೇ ಮಾದರಿ ಮಾಡಿಸಿದ. ಲೆನ್ವಾರನ ಯಂತ್ರ ಅನಿಲವನ್ನು ಒತ್ತದೆಯೇ ಉರಿಸುತ್ತಿತ್ತು. ಅದಕ್ಕೇ ಅದು ಅನಿಲ ನುಂಗುವ ಯಂತ್ರ. ಮೊದಲು ಒತ್ತಿ ಆಮೇಲೆ ಉರಿಸಿದರೆ? 1862ರಲ್ಲಿ ಒಟ್ಟೊ ಪ್ರಯತ್ನಿಸಿದ. ಯಂತ್ರ ಸ್ಫೋಟದ ಹೊಡೆತ ತಾಳಲಾರದೆ ಮುರಿಯಿತು.

ನನಗೆ ಮುಖ್ಯವೆನಿಸುವುದು ಮುಂದಿನ ಭಾಗ. ಅವನು ಬೇರೆ ದಾರಿ ಹಿಡಿದ. 1864ರಲ್ಲಿ ಓಯ್ಗನ್ ಲ್ಯಾಂಗೆನ್ ಬಂಡವಾಳ ಹಾಕಿದ. ಇಬ್ಬರೂ ಮಾಡಿದ ಎಂಜಿನ್‌ನಲ್ಲಿ ಸ್ಫೋಟವು ಪಿಸ್ಟನ್ನನ್ನು ಮೇಲಕ್ಕೆ ಎಸೆಯುತ್ತದೆ. ವಾಯುಮಂಡಲದ ಒತ್ತಡ ಅದನ್ನು ಕೆಳಕ್ಕೆ ದೂಡುವಾಗ ಕೆಲಸ ನಡೆಯುತ್ತದೆ. (ವಾಯುಭಾರದ ಪಾಠಕ್ಕೂ ಒಳ್ಳೆಯ ಉದಾಹರಣೆ.) ವಿಪರೀತ ಗದ್ದಲ, ಆಳೆತ್ತರಕ್ಕೂ ಮಿಕ್ಕ ಗಾತ್ರ, ಆದರೂ ಅನಿಲ ಬಹಳ ಕಡಿಮೆ ಸಾಕು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಆದರೆ ಶಕ್ತಿ ಸುಮಾರು 3 ಅಶ್ವಶಕ್ತಿಗಿಂತ ಮೇಲೇರಲಿಲ್ಲ.

ಆಗ ಒಟ್ಟೊ ಹಳೆಯ ಪ್ರಶ್ನೆಗೆ ಮರಳಿದ. 1876ರಲ್ಲಿ ಡಾಯ್ಟ್ಸ್ ಕಾರ್ಖಾನೆಯಲ್ಲಿ ಹೀರು, ಒತ್ತು, ಉರಿಸು, ಹೊರಹಾಕು ಎಂಬ ಕ್ರಮದ ಎಂಜಿನ್ ಶಾಂತವಾಗಿ ಓಡಿತು. 1882ರಲ್ಲಿ ವ್ಯುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ನಾಲ್ಕು ವರ್ಷಗಳಲ್ಲಿ ಪೇಟೆಂಟ್ ಹೋಯಿತು. ಫ್ರಾನ್ಸಿನ ಬೋ ದ ರೋಷಾ 1862ರಲ್ಲೇ ಈ ನಾಲ್ಕು ಹೊಡೆತಗಳನ್ನು ಕಿರುಹೊತ್ತಿಗೆಯೊಂದರಲ್ಲಿ ವಿವರಿಸಿದ್ದ, ಎಂಜಿನ್ ಮಾತ್ರ ಕಟ್ಟಿರಲಿಲ್ಲ. 1886ರಲ್ಲಿ ಜರ್ಮನಿಯ ನ್ಯಾಯಾಲಯ ಒಟ್ಟೊನ ಹಕ್ಕನ್ನು ರದ್ದುಮಾಡಿತು. ಯಾರು ಬೇಕಾದರೂ ಆ ಎಂಜಿನ್ ಮಾಡುವಂತಾಯಿತು. ಒಟ್ಟೊ 1891ರಲ್ಲಿ ಕಲೋನಿನಲ್ಲಿ ತೀರಿಕೊಂಡ.

ತೀರ್ಪು ಸರಿಯೇ ಎಂದು ಕೇಳಿದರೆ ಒಂಬತ್ತನೆಯ ತರಗತಿ ಎರಡು ಪಕ್ಷವಾಗುತ್ತದೆ. ಬರೆದವನದೋ, ಓಡಿಸಿದವನದೋ? ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಕಪ್ಪುಹಲಗೆಯ ಮೇಲೆ 1862 ಮತ್ತು 1876ನ್ನು ಅಕ್ಕಪಕ್ಕ ಬರೆದು, ಉತ್ತರ ಹೇಳದೆ ವಾದಿಸಲು ಬಿಡಿ. ಸಂಪೀಡನ ಏಕೆ ಬೇಕು ಎಂಬುದನ್ನು ಆ ವಾದದಲ್ಲಿ ಅವರೇ ಎತ್ತುತ್ತಾರೆ.