ಮಕ್ಕಳ ಬಳಿಗೆ ಬಂದ ರಂಗಭೂಮಿ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಜನರಿಗೆ ನಾಟಕವೆಂಬುದು ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಊರ ಮುಂದೆ ಚಪ್ಪರ ಹಾಕಿ, ಹಾರ್ಮೋನಿಯಂ ಮೇಷ್ಟರಿಂದ ತಿಂಗಳುಗಟ್ಟಲೆ ಮಾತು, ಹಾಡುಗಳನ್ನು ಕಲಿತು, ರೈತರೇ ವೇಷ ಕಟ್ಟಿ ಕುರುಕ್ಷೇತ್ರದಂತಹ ಪೌರಾಣಿಕ ನಾಟಕಗಳನ್ನು ರಾತ್ರಿಯಿಡೀ ಆಡುವುದು ಈ ಸೀಮೆಯ ಹಳ್ಳಿಗಳ ಹಳೆಯ ರೂಢಿ. ಆದರೆ ಅಲ್ಲಿ ಮಕ್ಕಳು ಮುಂದಿನ ಚಾಪೆಯಲ್ಲಿ ಕುಳಿತು, ಅರ್ಧ ನಾಟಕವನ್ನು ಕಣ್ಣರಳಿಸಿ ನೋಡಿ, ಉಳಿದರ್ಧಕ್ಕೆ ನಿದ್ದೆ ಹೋಗುವ ಪ್ರೇಕ್ಷಕರು ಮಾತ್ರ. ಮಕ್ಕಳಿಗಾಗಿಯೇ ನಾಟಕ ಬೇಕು, ಶಾಲೆಯ ಕಲಿಕೆಯಲ್ಲಿ ಅದಕ್ಕೊಂದು ಸ್ಥಾನವಿರಬೇಕು ಎಂಬ ಅರಿವು ನಮ್ಮಲ್ಲಿ ನಿಧಾನವಾಗಿ ಮೂಡಿತು. ಆ ಅರಿವಿಗೆ ತಮ್ಮ ಬದುಕಿನಿಂದಲೇ ರೂಪ ಕೊಟ್ಟವರಲ್ಲಿ ಬಿ. ವಿ. ಕಾರಂತರು ಅಗ್ರಗಣ್ಯರು.

ಬಾಬುಕೋಡಿ ವೆಂಕಟರಮಣ ಕಾರಂತರು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಮಂಚಿ ಗ್ರಾಮದವರು. ಅವರು ಹುಟ್ಟಿದ್ದು 1929ನೆಯ ಇಸವಿ ಸೆಪ್ಟೆಂಬರ್ 19ರಂದು. ಮೂರನೆಯ ತರಗತಿಯಲ್ಲಿ ಓದುತ್ತಿದ್ದಾಗ ಶಾಲೆಯಲ್ಲಿ ಕುವೆಂಪು ಅವರ ‘ನನ್ನ ಗೋಪಾಲ’ ಎಂಬ ಮಕ್ಕಳ ನಾಟಕವನ್ನು ಆಡಿಸಿದರು. ಬಡತಾಯಿಯ ಮಗನೊಬ್ಬ ಕಾಡುದಾರಿಯಲ್ಲಿ ಒಂಟಿಯಾಗಿ ನಡೆದು ಗುರುಗಳ ಬಳಿಗೆ ಓದಲು ಹೋಗುವ ಕಥೆ ಅದು. ಅದರಲ್ಲಿ ಪಾತ್ರ ವಹಿಸಿದ ಬಾಲಕ ವೆಂಕಟರಮಣನಿಗೆ ರಂಗದ ಗೀಳು ಹತ್ತಿತು. ಶಾಲೆಯ ಒಂದು ಸಣ್ಣ ನಾಟಕ ಒಬ್ಬ ಹುಡುಗನ ಜೀವನದ ದಿಕ್ಕನ್ನೇ ಬದಲಿಸಿತು.

ಆದರೆ ಅಂದು ಶಾಲೆ ಮತ್ತು ರಂಗಭೂಮಿ ಎರಡು ಬೇರೆ ಬೇರೆ ಲೋಕಗಳಾಗಿದ್ದವು. ಒಂದನ್ನು ಬಯಸಿದವನು ಇನ್ನೊಂದನ್ನು ಬಿಡಬೇಕಿತ್ತು. ನಾಟಕದ ಹಂಬಲದಿಂದ ಕಾರಂತರು ಚಿಕ್ಕ ವಯಸ್ಸಿನಲ್ಲಿಯೇ ಮನೆ ಬಿಟ್ಟು ಹೋಗಿ, ಗುಬ್ಬಿ ವೀರಣ್ಣನವರ ಪ್ರಸಿದ್ಧ ನಾಟಕ ಕಂಪನಿಯನ್ನು ಸೇರಿದರು. ಊರಿಂದೂರಿಗೆ ಬಿಡಾರ ಬದಲಿಸುವ ಆ ಕಂಪನಿಯೇ ಅವರಿಗೆ ಮನೆಯೂ ಪಾಠಶಾಲೆಯೂ ಆಯಿತು. ಪರದೆ, ಬಣ್ಣ, ಹಾಡು, ಅಭಿನಯ ಎಲ್ಲವನ್ನೂ ಅವರು ಕೈಕೆಲಸದಂತೆ ಕಲಿತರು. ಹುಡುಗನಲ್ಲಿದ್ದ ಓದಿನ ಆಸಕ್ತಿಯನ್ನು ವೀರಣ್ಣನವರು ಗುರುತಿಸದೆ ಇರಲಿಲ್ಲ. ಅವರೇ ಮುಂದಾಗಿ ಕಾರಂತರನ್ನು ಉನ್ನತ ವ್ಯಾಸಂಗಕ್ಕೆಂದು ಕಾಶಿಗೆ ಕಳುಹಿಸಿಕೊಟ್ಟರು. ಕಾರಂತರು ಅಲ್ಲಿ ಹಿಂದಿ ಸಾಹಿತ್ಯದಲ್ಲಿ ಎಂ.ಎ. ಪದವಿಯನ್ನು ಪಡೆದರು; ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದುಸ್ತಾನಿ ಸಂಗೀತವನ್ನು ಅಭ್ಯಾಸಮಾಡಿದರು.

ಮುಂದೆ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನು ಸೇರಿ 1962ರಲ್ಲಿ ತರಬೇತಿ ಪೂರೈಸಿದರು. ಪತಿಯ ವ್ಯಾಸಂಗ ನಿಲ್ಲಬಾರದೆಂದು ಪತ್ನಿ ಪ್ರೇಮಾ ಅವರು ದೆಹಲಿಯಲ್ಲಿ ಶಿಕ್ಷಕಿಯಾಗಿ ದುಡಿದರು. ಬಳಿಕ ಕಾರಂತರು ಅದೇ ನಗರದ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ನಾಟಕದ ಅಧ್ಯಾಪಕರಾದರು. ನಾಟಕಕ್ಕಾಗಿ ಶಾಲೆಯನ್ನು ತೊರೆದು ಹೋಗಿದ್ದವರು ಈಗ ನಾಟಕದ ಮೂಲಕವೇ ಶಾಲೆಗೆ ಮರಳಿದರು. ಬಾಲ್ಯದಲ್ಲಿ ಬೇರೆಬೇರೆಯಾಗಿ ಕಂಡಿದ್ದ ಎರಡು ಲೋಕಗಳನ್ನು ಬೆಸೆಯುವ ಕೆಲಸ ಇಲ್ಲಿಂದ ಮೊದಲಾಯಿತು.

ಮಕ್ಕಳಿಗಾಗಿ ಅವರು ರಚಿಸಿದ ನಾಟಕಗಳಲ್ಲಿ ‘ಪಂಜರಶಾಲೆ’ ಮುಖ್ಯವಾದುದು. ರವೀಂದ್ರನಾಥ ಠಾಕೂರರ ಕಥೆಯೊಂದು ಇದಕ್ಕೆ ಆಧಾರ. ಸ್ವಚ್ಛಂದವಾಗಿ ಹಾಡಿಕೊಂಡು ಹಾರಾಡುತ್ತಿದ್ದ ಹಕ್ಕಿಗೆ ವಿದ್ಯೆ ಕಲಿಸಬೇಕೆಂದು ರಾಜನೊಬ್ಬನು ಆಜ್ಞೆ ಮಾಡುತ್ತಾನೆ. ಚಿನ್ನದ ಪಂಜರ ಸಿದ್ಧವಾಗುತ್ತದೆ, ಪಂಡಿತರು ನೇಮಕವಾಗುತ್ತಾರೆ, ಗ್ರಂಥಗಳ ರಾಶಿ ಬೆಳೆಯುತ್ತದೆ. ಎಲ್ಲರೂ ಪಂಜರವನ್ನು ಹೊಗಳುವವರೇ. ಒಳಗಿನ ಹಕ್ಕಿ ಹೇಗಿದೆಯೆಂದು ವಿಚಾರಿಸುವವರಿಲ್ಲ. ಪುಸ್ತಕದ ಹಾಳೆಗಳನ್ನು ಅದರ ಬಾಯಿಗೆ ತುರುಕಿ ತುರುಕಿ, ಕೊನೆಗೆ ಮೂಲ ಕಥೆಯಲ್ಲಿ ಹಕ್ಕಿ ಸತ್ತೇ ಹೋಗುತ್ತದೆ. ಅರ್ಥವರಿಯದ ಬಾಯಿಪಾಠ ಮಗುವಿನ ಚೈತನ್ಯವನ್ನು ಹೇಗೆ ಹೊಸಕಿಹಾಕಬಲ್ಲುದೆಂಬುದನ್ನು ಈ ಕಥೆ ಮನಮುಟ್ಟುವಂತೆ ಹೇಳುತ್ತದೆ. ಈ ಕಥೆಯನ್ನು ಕಾರಂತರು ಮಕ್ಕಳೇ ಆಡಬಹುದಾದ ನಾಟಕವನ್ನಾಗಿಸಿದ್ದರಲ್ಲಿ ಒಂದು ಔಚಿತ್ಯವಿದೆ. ಶಿಕ್ಷಣದ ಬಗೆಗೆ ಮಾತನಾಡುವ ಹಕ್ಕು ಹಿರಿಯರಿಗೆ ಮಾತ್ರವೇ ಸೇರಿದುದಲ್ಲ, ಕಲಿಯುವ ಮಕ್ಕಳಿಗೂ ಅದು ಸೇರಿದೆ ಎಂಬುದು ಇದರಿಂದ ಸೂಚಿತವಾಗುತ್ತದೆ.

ಕರ್ನಾಟಕಕ್ಕೆ ಮರಳಿದ ಮೇಲೆ ಕಾರಂತರ ಪ್ರತಿಭೆ ನಾನಾ ಮುಖವಾಗಿ ಹರಿಯಿತು. ‘ಹಯವದನ’, ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’ ಮುಂತಾದ ಅವರ ಪ್ರಯೋಗಗಳು ಕನ್ನಡ ರಂಗಭೂಮಿಗೆ ಹೊಸ ಕಳೆಯನ್ನು ತಂದವು. ಬೆಂಗಳೂರಿನಲ್ಲಿ ‘ಬೆನಕ’ ತಂಡ ಬೆಳೆಯಿತು. ಪ್ರೇಮಾ ಅವರು ಬೆನಕ ಮಕ್ಕಳ ಕೇಂದ್ರವನ್ನು ಕಟ್ಟಿ ಮಕ್ಕಳ ನಾಟಕಗಳಿಗಾಗಿ ಶ್ರಮಿಸಿದರು. 1975ರಲ್ಲಿ ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ ಚಲನಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ದೊರೆಯಿತು. ತಾವು ಕಲಿತ ರಾಷ್ಟ್ರೀಯ ನಾಟಕ ಶಾಲೆಗೇ 1977ರಲ್ಲಿ ಅವರು ನಿರ್ದೇಶಕರಾದರು. 1981ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಇಷ್ಟು ಕೀರ್ತಿ ಬಂದರೂ ಅವರ ರಂಗಸಂಗೀತ ಆಡಂಬರಕ್ಕೆ ಒಲಿಯಲಿಲ್ಲ. ಕಲ್ಲು, ಕೋಲು, ಚಪ್ಪಾಳೆ, ಮನುಷ್ಯನ ಉಸಿರು, ಎಲ್ಲದರಲ್ಲಿಯೂ ಅವರು ನಾದವನ್ನು ಕಂಡರು. ಬಡಶಾಲೆಯ ಅಂಗಳದಲ್ಲಿಯೂ ದೊರೆಯುವ ವಾದ್ಯಗಳಿವು.

1989ರಲ್ಲಿ ಕರ್ನಾಟಕ ಸರ್ಕಾರವು ಮೈಸೂರಿನಲ್ಲಿ ‘ರಂಗಾಯಣ’ವನ್ನು ಸ್ಥಾಪಿಸಿದಾಗ ಕಾರಂತರು ಅದರ ಪ್ರಥಮ ನಿರ್ದೇಶಕರಾದರು. ಕಲಾಮಂದಿರದ ಆವರಣದಲ್ಲಿ ನೆಲೆಗೊಂಡ ಈ ಸಂಸ್ಥೆಗೆ ಅವರು ತರುಣ ತರುಣಿಯರನ್ನು ಆರಿಸಿಕೊಂಡು, ನಾಟಕವನ್ನೇ ಪೂರ್ಣಾವಧಿಯ ವೃತ್ತಿಯನ್ನಾಗಿ ಉಳ್ಳ ಕಲಾವಿದರ ತಂಡವನ್ನು ಕಟ್ಟಿದರು. ಬೇಸಿಗೆಯ ರಜೆಯಲ್ಲಿ ಇದೇ ಅಂಗಳದಲ್ಲಿ ನಡೆಯುತ್ತ ಬಂದಿರುವ ‘ಚಿಣ್ಣರ ಮೇಳ’ದಲ್ಲಿ ನೂರಾರು ಮಕ್ಕಳು ಹಾಡಿ, ಕುಣಿದು, ತಾವೇ ನಾಟಕವಾಡುವುದನ್ನು ಕಲಿತಿದ್ದಾರೆ.

ಮೈಸೂರಿನಲ್ಲಿ ಇಂತಹ ತಂಡವೊಂದು ನೆಲೆಸಿದ್ದರ ಮಹತ್ವವು ಸುತ್ತಲಿನ ತಾಲ್ಲೂಕುಗಳನ್ನು ನೆನೆದಾಗ ಸ್ಪಷ್ಟವಾಗುತ್ತದೆ. ಪುಸ್ತಕವನ್ನು ಅಂಚೆಯಲ್ಲಿ ಕಳುಹಿಸಬಹುದು. ಚಲನಚಿತ್ರವನ್ನು ಎಲ್ಲಿ ಬೇಕಾದರೂ ತೋರಿಸಬಹುದು. ನಾಟಕ ಹಾಗಲ್ಲ. ನಟನೂ ಪ್ರೇಕ್ಷಕನೂ ಎದುರುಬದುರಾಗಿ ಕುಳಿತಲ್ಲದೆ ಅದು ಹುಟ್ಟುವುದೇ ಇಲ್ಲ. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಯ ವಿದ್ಯಾರ್ಥಿನಿ ನಾಟಕವನ್ನು ನೋಡಬೇಕಾದರೆ ಅವಳನ್ನು ರಂಗಮಂದಿರಕ್ಕೆ ಕರೆದೊಯ್ಯಬೇಕು, ಇಲ್ಲವೇ ನಟರು ಅವಳಿರುವೆಡೆಗೆ ಬರಬೇಕು. ಪಿರಿಯಾಪಟ್ಟಣದ ಶಾಲೆಯ ಮಕ್ಕಳು ಒಟ್ಟಾಗಿ ಕುಳಿತು ನಾಟಕ ನೋಡುವಾಗ, ಪುಸ್ತಕದಲ್ಲಿ ಓದಿದ ಪಾತ್ರವೊಂದು ಎದ್ದು ಬಂದು, ಕೈಗೆಟಕುವಷ್ಟು ಹತ್ತಿರದಲ್ಲಿ ನಿಂತು ಅಳುತ್ತದೆ, ನಗುತ್ತದೆ. ಪರರ ನೋವು ತನ್ನದೆಂಬ ಅನುಭವ ಆ ಗಳಿಗೆಯಲ್ಲಿ ಅವರಿಗೆ ಆಗುತ್ತದೆ. ಪಾಠವನ್ನು ಎಷ್ಟು ಸಲ ಗಟ್ಟಿಮಾಡಿದರೂ ಇದು ದೊರೆಯಲಾರದು. ಶಾಲಾಮಕ್ಕಳಿಗೆ ನಾಟಕ ತೋರಿಸಲು ಮಾಡುವ ವೆಚ್ಚವನ್ನೂ ಶ್ರಮವನ್ನೂ ಕಲಿಕೆಗೆ ಕೊಟ್ಟ ಬೆಲೆಯೆಂದೇ ಎಣಿಸಬೇಕು.

ಕಾರಂತರು 2002ನೆಯ ಇಸವಿ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ನಿಧನರಾದರು. ಕಾಶಿ, ದೆಹಲಿ, ಭೋಪಾಲ, ಮೈಸೂರು ಎಂದು ಎಲ್ಲಿಯೂ ನಿಲ್ಲದೆ ಸಂಚರಿಸಿದ ಅವರು ಹೋದಲ್ಲೆಲ್ಲ ತಂಡಗಳನ್ನು ಕಟ್ಟಿದರು, ಶಿಷ್ಯರನ್ನು ಬೆಳೆಸಿದರು. ನಾಟಕಕ್ಕಾಗಿ ಮನೆ ತೊರೆಯಬೇಕಾಗಿ ಬಂದ ಹುಡುಗನೊಬ್ಬನು, ಮುಂದಿನ ಮಕ್ಕಳಿಗೆ ಆ ಕಷ್ಟ ಬಾರದಿರಲೆಂಬಂತೆ, ನಾಟಕವನ್ನೇ ಶಾಲೆಯ ಬಾಗಿಲಿಗೆ ತಂದನು. ಎಲ್ಲಿಯಾದರೂ ಹಳ್ಳಿಯ ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ಕುಳಿತು, ನಟನೊಬ್ಬನ ಮೊದಲ ಮಾತಿಗಾಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದರೆ, ಅಲ್ಲಿ ಕಾರಂತರ ಬದುಕಿನ ಶ್ರಮ ಫಲ ಕೊಡುತ್ತಿದೆಯೆಂದು ತಿಳಿಯಬೇಕು.