ಹಿಮಾಲಯದ ಹಿಮ, ಮಲೆನಾಡಿನ ಮಳೆ

ಅತ್ತಿಗುಂಡಿಯಲ್ಲಿ ಹಿಮ ಬೀಳುವುದಿಲ್ಲ. 1,900 ಮೀಟರಿಗೂ ಮಿಗಿಲಾದ ಎತ್ತರದ, ರಾಜ್ಯದಲ್ಲೇ ಅತ್ಯುನ್ನತವಾದ ಮುಳ್ಳಯ್ಯನಗಿರಿಯ ನೆತ್ತಿಯನ್ನು ಮುಚ್ಚುವುದೂ ಮಂಜೇ ಹೊರತು ಹಿಮವಲ್ಲ. ಆದರೂ ಈ ಗಿರಿಶ್ರೇಣಿಯಲ್ಲಿ ಕಾಫಿ ಬೆಳೆಯುವ ನನಗೆ, ಹಿಮಾಲಯದ ಹಿಮಕ್ಕೂ ಮಳೆಗೂ ಇರುವ ನಂಟನ್ನು ಹುಡುಕಿದ ಒಬ್ಬ ವಿಜ್ಞಾನಿಯ ಬದುಕು ದೂರದ ಕಥೆಯೆನಿಸಿಲ್ಲ. ಆತ ಹೆನ್ರಿ ಫ್ರಾನ್ಸಿಸ್ ಬ್ಲಾನ್‌ಫರ್ಡ್. ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ. ಮುಂಗಾರಿನ ಸ್ವಭಾವವನ್ನು ಅದು ಬರುವ ಮೊದಲೇ ಅಂದಾಜು ಮಾಡಬಹುದೇ ಎಂಬ ಪ್ರಶ್ನೆಯನ್ನು ವಿಜ್ಞಾನದ ಅಂಗಳಕ್ಕೆ ತಂದವನು.

1834ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬ್ಲಾನ್‌ಫರ್ಡ್ ಕಲಿತದ್ದು ಭೂವಿಜ್ಞಾನ. 1855ರಲ್ಲಿ ಅಣ್ಣ ವಿಲಿಯಂನೊಂದಿಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದ. ಮರುವರ್ಷವೇ ಒಡಿಶಾದ ತಾಲ್ಚೇರ್‌ನಲ್ಲಿ ಸಹೋದರರಿಗೆ ಒಂದು ಒಗಟು ಎದುರಾಯಿತು. ನಯವಾದ ಜೇಡಿಯ ಪದರದ ನಡುವೆ ಭಾರಿ ಗುಂಡುಬಂಡೆಗಳು ಹುದುಗಿದ್ದವು. ಅವನ್ನು ಅಲ್ಲಿಗೆ ಹೊತ್ತು ತಂದದ್ದು ಮಂಜುಗಡ್ಡೆಯೇ ಇರಬೇಕೆಂದು ಅವರು ತರ್ಕಿಸಿದರು. ಬಿರುಬಿಸಿಲಿನ ನಾಡಿನಲ್ಲಿ ಹಿಮದ ಕುರುಹೆಂದರೆ ಅಂದು ನಂಬುವವರು ವಿರಳ. ಸುಮಾರು 30 ಕೋಟಿ ವರ್ಷಗಳ ಹಿಂದೆ ಈ ಭೂಭಾಗ ಹಿಮಾವೃತವಾಗಿತ್ತೆಂಬುದು ಇಂದು ಪಠ್ಯಪುಸ್ತಕದ ಸಂಗತಿ.

1862ರಲ್ಲಿ ಆ ಕೆಲಸ ತೊರೆದು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕನಾದ ಆತನನ್ನು ಆಕಾಶದತ್ತ ತಿರುಗಿಸಿದ್ದು ಒಂದು ದುರಂತ. 1864ರ ಅಕ್ಟೋಬರ್ 5ರಂದು ಕಲ್ಕತ್ತೆಗೆ ಅಪ್ಪಳಿಸಿದ ಚಂಡಮಾರುತ ಹತ್ತಾರು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಅದರ ಕುರಿತು ಗ್ಯಾಸ್ಟ್ರೆಲ್ ಎಂಬ ಅಧಿಕಾರಿಯೊಡನೆ ಬ್ಲಾನ್‌ಫರ್ಡ್ ಸವಿವರ ವರದಿ ಸಿದ್ಧಪಡಿಸಿದ. 1867ರಲ್ಲಿ ಬಂಗಾಳದ ಹವಾಮಾನ ವರದಿಗಾರನಾದ. 1875ರಲ್ಲಿ ಇಡೀ ದೇಶಕ್ಕೊಂದು ಹವಾಮಾನ ಇಲಾಖೆ ಹುಟ್ಟಿದಾಗ ಅದರ ಹೊಣೆಯೂ ಆತನ ಹೆಗಲೇರಿತು. ಅಲ್ಲಿಯವರೆಗೆ ಪ್ರಾಂತ್ಯಕ್ಕೊಂದು ಪದ್ಧತಿಯಿತ್ತು. ಅವನ್ನೆಲ್ಲ ಒಂದೇ ಅಳತೆಗೆ ತರುವುದು ಆತನ ಮೊದಲ ಕಾಯಕವಾಯಿತು.

ಇಲಾಖೆಗೆ ವರ್ಷ ತುಂಬುವಷ್ಟರಲ್ಲಿ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ 1876-78ರ ಮಹಾಕ್ಷಾಮ ಮೈಸೂರು ಸಂಸ್ಥಾನವನ್ನು ಹಿಂಡಿತು. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ಬಾರದಿರುವುದನ್ನು ಯಾರೂ ತಡೆಯಲಾರರು. ಆದರೆ ಅದು ಮೊದಲೇ ತಿಳಿದಿದ್ದರೆ ಧಾನ್ಯ ಕೂಡಿಡಬಹುದಿತ್ತಲ್ಲವೇ? ಕ್ಷಾಮದ ಬಳಿಕ ಸರ್ಕಾರ ಹವಾಮಾನ ಇಲಾಖೆಯ ಮುಂದಿಟ್ಟ ಪ್ರಶ್ನೆ ಇದೇ ಆಗಿತ್ತು.

ಬ್ಲಾನ್‌ಫರ್ಡ್ ಉತ್ತರವನ್ನು ಹಿಮಾಲಯದಲ್ಲಿ ಹುಡುಕಿದ. ಪರ್ವತ ಪ್ರದೇಶಗಳಿಂದ ಬಂದ ಹಿಮಪಾತದ ವರದಿಗಳನ್ನು ಬಯಲಿನ ಗಾಳಿ, ಒತ್ತಡ, ಮಳೆಯ ಅಂಕಿಗಳೊಂದಿಗೆ ತಾಳೆ ನೋಡಿದ. 1884ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತನ್ನ ವಾದವನ್ನು ಮಂಡಿಸಿದ. ಅದರ ಸಾರ ಸರಳ. ಹಿಮ ಬಿಸಿಲನ್ನು ಮರಳಿ ಆಕಾಶಕ್ಕೆ ಅಟ್ಟುತ್ತದೆ. ಅದು ಕರಗುವುದಕ್ಕೂ ಬಿಸಿಲೇ ಖರ್ಚಾಗಬೇಕು. ಹಿಮ ಹೆಚ್ಚಿ ವಸಂತ ಕಳೆದರೂ ಉಳಿದರೆ ನೆಲ ಕಾಯುವುದು ತಡವಾಗುತ್ತದೆ. ವಾಯವ್ಯದ ಬಯಲುಗಳ ಮೇಲೆ ಒಣಗಾಳಿ ಬೀಸುತ್ತದೆ, ಮುಂಗಾರು ದುರ್ಬಲವಾಗುತ್ತದೆ. 1882ರಿಂದ 1885ರವರೆಗೆ ಈ ಆಧಾರದ ಮೇಲೆ ಪ್ರಾಯೋಗಿಕವಾಗಿ ಅಂದಾಜು ಮಾಡಿ ನೋಡಿದ ಆತ, 1886ರ ಜೂನ್ 4ರಂದು ಭಾರತ ಮತ್ತು ಬರ್ಮಾಗಳಿಗೆ ಮುಂಗಾರಿನ ಮೊದಲ ಅಧಿಕೃತ ದೀರ್ಘಾವಧಿ ಮುನ್ಸೂಚನೆಯನ್ನು ಹೊರಡಿಸಿದ. ಆ ದಶಕದ ಕೊನೆಯಲ್ಲಿ ನಿವೃತ್ತನಾಗಿ ಸ್ವದೇಶಕ್ಕೆ ಮರಳಿ, 1893ರಲ್ಲಿ ಫೋಕ್‌ಸ್ಟನ್‌ನಲ್ಲಿ ತೀರಿಕೊಂಡ.

ಆತನ ಸೂತ್ರ ಅಂತಿಮ ಸತ್ಯವಾಗಿ ಉಳಿಯಲಿಲ್ಲ. ಉತ್ತರಾಧಿಕಾರಿ ಜಾನ್ ಎಲಿಯಟ್ ಮುನ್ಸೂಚನೆಯನ್ನು ಹಿಗ್ಗಿಸಿದ. 1899ರಲ್ಲಿ ಒಳ್ಳೆಯ ಮಳೆಯ ಭರವಸೆಯ ಬೆನ್ನಿಗೇ ಭೀಕರ ಬರ ಬಂತು. ಅನಂತರ ಬಂದ ಗಿಲ್ಬರ್ಟ್ ವಾಕರ್ ತನ್ನ ಸಮೀಕರಣದಲ್ಲಿ ಹಿಮಾಲಯದ ಹಿಮಕ್ಕೆ ಸ್ಥಾನ ಕೊಟ್ಟರೂ, ಅದರ ಜೊತೆಗೆ ದೂರದ ಸಾಗರಗಳ ಒತ್ತಡವನ್ನೂ ಸೇರಿಸಿದ. 1877ರ ಬರದ ಹಿಂದೆ ಪೆಸಿಫಿಕ್ ಸಾಗರದ ಪ್ರಬಲ ಎಲ್ ನಿನೊ ಇತ್ತೆಂಬುದು ಈಗ ತಿಳಿದಿದೆ. ಹಾಗೆಂದು ಹಿಮದ ಎಳೆ ಕಡಿದುಹೋಗಲಿಲ್ಲ. 1976ರಲ್ಲಿ ಹಾನ್ ಮತ್ತು ಶುಕ್ಲಾ ಉಪಗ್ರಹ ಚಿತ್ರಗಳ ನೆರವಿನಿಂದ ಯುರೇಷ್ಯಾದ ಹಿಮಹೊದಿಕೆಗೂ ನಮ್ಮ ಮುಂಗಾರಿಗೂ ಇರುವ ವಿಲೋಮ ಸಂಬಂಧವನ್ನು ಮತ್ತೆ ತೋರಿಸಿದರು. ಈ ಸಂಬಂಧ ಎಲ್ಲ ಕಾಲದಲ್ಲೂ ಒಂದೇ ಬಲದಿಂದ ಇರುವುದಿಲ್ಲ ಎಂಬುದೂ ಮುಂದೆ ಗೊತ್ತಾಯಿತು.

ಇದರಿಂದ ನಮಗೇನು ಎಂದು ಕೇಳಬಹುದು. ಕಾಫಿ ಬೆಳೆಗಾರನ ಬದುಕು ನಿಂತಿರುವುದು ಮಳೆಯ ಮೊತ್ತದ ಮೇಲಲ್ಲ, ಅದು ಬರುವ ಹೊತ್ತಿನ ಮೇಲೆ. ಹೂಮಳೆ ತಪ್ಪಿದರೆ ಹೂವಿಲ್ಲ; ಆಷಾಢ, ಶ್ರಾವಣದಲ್ಲಿ ಮಳೆ ಬಿಡದೆ ಹೊಯ್ದರೆ ಕೊಳೆರೋಗ ಹತ್ತಿ ಕಾಯಿ ಉದುರುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದದ್ದು ಕೆಲವೇ ದಿನಗಳ ಮಳೆಗೆ. ದೇಶಕ್ಕೆಲ್ಲ ಸೇರಿಸಿ ಹೇಳುವ ಶೇಕಡಾವಾರು ಅಂಕಿ, ಒಂದೇ ಬೆಟ್ಟದ ಎರಡು ಮಗ್ಗುಲಲ್ಲಿ ಬೇರೆ ಬೇರೆ ಮಳೆ ಬೀಳುವ ಈ ಸೀಮೆಗೆ ಸಾಲದು. ತೋಟಗಳಲ್ಲಿ ತಲೆಮಾರುಗಳಿಂದ ಇಂಚು, ಸೆಂಟುಗಳಲ್ಲಿ ಬರೆದಿಟ್ಟ ಮಳೆಯ ಪುಸ್ತಕಗಳು ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿವೆ. ಅವನ್ನು ಕಲೆಹಾಕಿ ಅಧ್ಯಯನಕ್ಕೆ ಒದಗಿಸುವುದು ಸರ್ಕಾರಕ್ಕೂ ವಿಶ್ವವಿದ್ಯಾಲಯಗಳಿಗೂ ದುಬಾರಿಯ ಕೆಲಸವೇನಲ್ಲ.

ಬ್ಲಾನ್‌ಫರ್ಡ್ ಪರಕೀಯ ಆಡಳಿತದ ನೌಕರ. ಆ ಆಡಳಿತ ಕ್ಷಾಮದಲ್ಲಿ ನಡೆದುಕೊಂಡ ರೀತಿಯನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಬರವನ್ನು ದೈವದ ಮುನಿಸೆಂದು ಕೈಚೆಲ್ಲದೆ, ಚದುರಿದ ಅಂಕಿಗಳನ್ನು ಒಂದೆಡೆ ಕೂಡಿಸಿ ಅದರ ಕಾರಣ ಹುಡುಕಿದ ಆತನ ಪರಿ ಇಂದಿಗೂ ನಮಗೆ ಬೇಕು. ಹಿಮಾಲಯದ ಹಿಮವನ್ನು ಲೆಕ್ಕಕ್ಕೆ ತಂದ ಆ ಶ್ರದ್ಧೆ, ಮಲೆನಾಡಿನ ಮಳೆಯ ಪಾಲಿಗೂ ಒದಗಲಿ.