ನಮ್ಮ ಮಂಗಳೂರಿನ ಯೆಹೂದ್ಯ ವ್ಯಾಪಾರಿ ಅಬ್ರಹಾಂ ಬೆನ್ ಯಿಜು

ಬಸವೇಶ್ವರನಗರದಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಕುಟುಂಬಗಳಿಗೆ ಮಾಗಡಿ ರಸ್ತೆ ದಿನನಿತ್ಯದ ದಾರಿ. ಆ ರಸ್ತೆಯಲ್ಲಿ ಯೆಹೂದ್ಯರ ಒಂದು ಪುಟ್ಟ ಸ್ಮಶಾನ ಇದೆ ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ. 1904ರಲ್ಲಿ ಮೈಸೂರು ಮಹಾರಾಜರು ಅದಕ್ಕೆ ಜಾಗ ಕೊಟ್ಟರು. ಬೆಂಗಳೂರಿನ ಯೆಹೂದ್ಯರದ್ದು ಎಂದೂ ಬೆರಳೆಣಿಕೆಯ ಮನೆಗಳ ಸಮುದಾಯ. ಹೀಬ್ರೂ ಅಕ್ಷರ ಕೆತ್ತಿದ ಕಲ್ಲುಗಳ ಆ ಜಾಗ ಬಿಟ್ಟರೆ ನಗರದ ಈ ಭಾಗದಲ್ಲಿ ಅವರ ಗುರುತು ಕಾಣುವುದು ಕಷ್ಟ.

ಆದರೆ ಕರ್ನಾಟಕದ ಮಣ್ಣಿಗೆ ಯೆಹೂದ್ಯರು ಬಂದದ್ದು ಇದಕ್ಕಿಂತ ಬಹಳ ಹಿಂದೆ, ಅದೂ ನಮ್ಮ ಮಂಗಳೂರಿಗೆ. ಆ ಸ್ಮಶಾನಕ್ಕೆ ಜಾಗ ಸಿಗುವುದಕ್ಕೆ 770 ವರ್ಷಗಳಿಗೂ ಮೊದಲು ಒಬ್ಬ ಯೆಹೂದ್ಯ ನಮ್ಮ ಊರಿನಲ್ಲಿ ಮನೆ ಮಾಡಿ, ವ್ಯಾಪಾರ ಮಾಡಿ, ಮಕ್ಕಳನ್ನು ಸಾಕಿದ. ಆತನ ಹೆಸರು ಅಬ್ರಹಾಂ ಬೆನ್ ಯಿಜು.

ಬೆನ್ ಯಿಜು ಹುಟ್ಟಿದ್ದು ಉತ್ತರ ಆಫ್ರಿಕದ ಮಹ್ದಿಯಾ ಎಂಬ ಬಂದರು ಪಟ್ಟಣದಲ್ಲಿ. ಅದು ಈಗಿನ ಟ್ಯುನೀಷಿಯಾದಲ್ಲಿದೆ. ತಂದೆ ಪೆರಹ್ಯಾ ಧರ್ಮಶಾಸ್ತ್ರ ಬಲ್ಲವರು. ಯೂಸುಫ್ ಮತ್ತು ಮುಬಶ್ಶಿರ್ ಎಂಬ ಇಬ್ಬರು ಸಹೋದರರು, ಬೆರಾಖಾ ಎಂಬ ಸಹೋದರಿ. ತರುಣ ಅಬ್ರಹಾಂ ದುಡಿಮೆ ಹುಡುಕಿಕೊಂಡು ಏಡನ್ ಬಂದರಿಗೆ ಬಂದ. ಅಲ್ಲಿನ ಯೆಹೂದ್ಯ ಸಮುದಾಯದ ಮುಖ್ಯಸ್ಥನೂ ದೊಡ್ಡ ವ್ಯಾಪಾರಿಯೂ ಆಗಿದ್ದ ಮದ್ಮೂನ್ ಆತನಿಗೆ ಆಸರೆಯಾದ. 1132ರ ಹೊತ್ತಿಗೆ ಅಬ್ರಹಾಂ ಮಂಗಳೂರಿನಲ್ಲಿದ್ದ. ಆಗ ಇಲ್ಲಿ ಆಳುಪರ ಆಳ್ವಿಕೆ.

ಆ ವರ್ಷದ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಒಂದು ಪತ್ರ ಉಳಿದು ಬಂದಿದೆ. ಅಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಅದು. ಆಕೆಗೆ ಬೆರಾಖಾ ಎಂಬ ಹೊಸ ಹೆಸರಿಟ್ಟರು. ಆಶೀರ್ವಾದ ಎಂದು ಅದರ ಅರ್ಥ. ಅದು ದೂರದ ಊರಿನಲ್ಲಿದ್ದ ತನ್ನ ಸಹೋದರಿಯ ಹೆಸರೂ ಹೌದು. ಈ ನೆಲದ ಆ ಹೆಣ್ಣೇ ಬೆನ್ ಯಿಜುವಿನ ಮಕ್ಕಳ ತಾಯಿ ಎಂದು ವಿದ್ವಾಂಸರು ತಿಳಿಯುತ್ತಾರೆ. ಮನುಷ್ಯರನ್ನು ಕೊಂಡು ಮಾರುತ್ತಿದ್ದ ಕಾಲ ಅದು. ಅದನ್ನು ನಾವು ಮರೆಮಾಚಬೇಕಾಗಿಲ್ಲ. ಆತನ ವ್ಯವಹಾರ ನೋಡಿಕೊಂಡು, ಸರಕಿನೊಂದಿಗೆ ಏಡನ್‌ಗೆ ಹೋಗಿ ಬರುತ್ತಿದ್ದ ಬೊಮ್ಮ ಎಂಬವನೂ ದಾಸನೇ. ಆದರೂ ಏಡನ್‌ನ ಸಿರಿವಂತರು ತಮ್ಮ ಪತ್ರಗಳಲ್ಲಿ ಬೊಮ್ಮನಿಗೆ ಹೆಸರು ಹಿಡಿದು ವಂದನೆ ತಿಳಿಸುತ್ತಿದ್ದರು. ಲೇಖಕ ಅಮಿತಾವ್ ಘೋಷ್ ಈ ಬೊಮ್ಮನ ಜಾಡು ಹಿಡಿದು ಮಂಗಳೂರಿಗೆ ಬಂದಾಗ, ಆ ಹೆಸರಿನ ತುಳುನಾಡಿನ ಬೇರನ್ನು ಅರಿಯಲು ನೆರವಾದವರು ಪ್ರೊ. ಬಿ. ಎ. ವಿವೇಕ ರೈ. ಘೋಷ್ ಅವರ ಪುಸ್ತಕ 1992ರಲ್ಲಿ ಪ್ರಕಟವಾಯಿತು.

ಬೆನ್ ಯಿಜು ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳುಹಿಸುತ್ತಿದ್ದ. ಕಂಚು ಹಿತ್ತಾಳೆಯ ಕೆಲಸದ ಒಂದು ಕಾರ್ಖಾನೆಯೂ ಆತನಿಗಿತ್ತು. ಏಡನ್‌ನ ಸ್ನೇಹಿತರು ಒಡೆದ ಪಾತ್ರೆ, ತಾಮ್ರ ಕಳುಹಿಸಿ, ಇಂಥದೇ ಅಳತೆಯ ಹೊಸ ಪಾತ್ರೆ ಮಾಡಿಸಿಕೊಡು ಎಂದು ಬರೆಯುತ್ತಿದ್ದರು. ಬದಲಿಗೆ ಸಕ್ಕರೆ, ಒಣದ್ರಾಕ್ಷಿ, ಚಾಪೆ, ಮತ್ತು ಬರೆಯುವ ಕಾಗದ ಬರುತ್ತಿತ್ತು. ನಮ್ಮಲ್ಲಿ ಓಲೆಗರಿಯ ಕಾಲ. ಬೆನ್ ಯಿಜುವಿಗೋ ಕಾಗದ ಎಷ್ಟಿದ್ದರೂ ಸಾಲದು. ಲೆಕ್ಕಪತ್ರದ ಜೊತೆಗೆ ಆತ ಕವಿತೆ ಬರೆಯುತ್ತಿದ್ದ, ಧರ್ಮಶಾಸ್ತ್ರದ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದ. ಬಂದ ಪತ್ರಗಳ ಅಂಚಿನಲ್ಲಿ, ಹಿಂಬದಿಯಲ್ಲಿ ಕೂಡ ಜಾಗ ಬಿಡದೆ ಬರೆದಿದ್ದಾನೆ.

ಸಮುದ್ರದ ವ್ಯಾಪಾರ ಎಂದರೆ ಏನೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಒಮ್ಮೆ ಆತನ ಸರಕು ಹೊತ್ತ ಹಡಗು ಕೆಂಪು ಸಮುದ್ರದ ಬಾಗಿಲಲ್ಲಿ ಮುಳುಗಿತು. ಮೆಣಸು ಪೂರ್ತಿ ನೀರುಪಾಲು. ಏಡನ್‌ನಿಂದ ಮುಳುಗುಗಾರರನ್ನು ಕರೆಸಿ ಕಬ್ಬಿಣವನ್ನು ಹುಡುಕಿಸಿದಾಗ ಸುಮಾರು ಅರ್ಧ ಮಾತ್ರ ಸಿಕ್ಕಿತು. ಈ ಸುದ್ದಿಯನ್ನು ಏಡನ್‌ನ ಸ್ನೇಹಿತ ಖಲಾಫ್ ಬರೆದು ತಿಳಿಸಿದ ರೀತಿ ಗಮನಿಸುವಂಥದ್ದು. ಹೋದದ್ದನ್ನು ದೇವರು ಉಳಿಸಲಿಲ್ಲ ಎಂದು ನೇರವಾಗಿ ಹೇಳಿ, ಆಮೇಲೆ ಲೆಕ್ಕಕ್ಕೆ ಇಳಿಯುತ್ತಾನೆ. ಅಳುವೂ ಇಲ್ಲ, ದೂರೂ ಇಲ್ಲ. ಇದು ಆ ವ್ಯಾಪಾರಿಗಳು ಕಲಿತು ಬಂದ ಪಾಠ. ಕೇಡಿನ ಸುದ್ದಿ ಬಂದಾಗಲೂ, ಒಳ್ಳೆಯ ಸುದ್ದಿಗೆ ಸ್ತುತಿಸಿದಂತೆಯೇ, ದೇವರನ್ನು ಸ್ತುತಿಸಬೇಕು ಎಂದು ಯೆಹೂದ್ಯರ ಮಿಶ್ನಾ ಗ್ರಂಥ ವಿಧಿಸುತ್ತದೆ. ನೋವಾಗಬಾರದು ಎಂದು ಅದರ ಅರ್ಥವಲ್ಲ. ಯೋಬನ ಕಥೆ ಓದಿದ ನಮಗೂ ಇದು ಗೊತ್ತು. ಯೋಬ ಬಟ್ಟೆ ಹರಿದುಕೊಂಡು ತಲೆ ಬೋಳಿಸಿಕೊಂಡ ಮೇಲೆಯೇ ನೆಲಕ್ಕೆ ಬಾಗಿದವನು.

ಬೆನ್ ಯಿಜುವಿನ ನಿಜವಾದ ಪರೀಕ್ಷೆ ಮೆಣಸಿನಲ್ಲಿ ಆಗಲಿಲ್ಲ, ಮನೆಯಲ್ಲಿ ಆಯಿತು. 1148ರಲ್ಲಿ ಸಿಸಿಲಿಯ ರಾಜ ರೋಜರನ ಸೈನ್ಯ ಮಹ್ದಿಯಾವನ್ನು ವಶಪಡಿಸಿಕೊಂಡಿತು. ಒಡಹುಟ್ಟಿದವರು ಬರಿಗೈಯಲ್ಲಿ ಊರು ಬಿಟ್ಟರು. 1149ರಲ್ಲಿ ಮಂಗಳೂರು ಬಿಟ್ಟು ಮಕ್ಕಳೊಂದಿಗೆ ಏಡನ್ ತಲುಪಿದ ಬೆನ್ ಯಿಜು ಸೆಪ್ಟೆಂಬರ್ 11ರಂದು ಅವರಿಗೆ ಪತ್ರ ಬರೆದ. ಅವರ ಬಳಿ ಒಂದೇ ಒಂದು ರೊಟ್ಟಿ ಉಳಿದಿದೆ ಎಂಬ ಮಾತು ಆತನ ಕಿವಿಗೆ ಬಿದ್ದಿತ್ತು. ದೇವರು ನನ್ನನ್ನೂ ಮಕ್ಕಳನ್ನೂ ಉಳಿಸಿದ್ದಾನೆ, ಎಲ್ಲರೂ ಸೇರಿ ಬದುಕುವಷ್ಟು ಕೊಟ್ಟಿದ್ದಾನೆ, ಬೇಗ ಬನ್ನಿ ಎಂಬುದು ಆ ಪತ್ರದ ಸಾರ. ಮಗಳನ್ನು ಅವರ ಗಂಡುಮಕ್ಕಳಲ್ಲಿ ಒಬ್ಬನಿಗೆ ಕೊಡುವ ಮಾತನ್ನೂ ಬರೆದ. ಇಷ್ಟು ವರ್ಷದ ಸಂಪಾದನೆಯನ್ನು ಆತ ತನ್ನದೆಂದು ಎಣಿಸಿಯೇ ಇರಲಿಲ್ಲವೇನೋ ಎಂದು ನನಗೆ ಅನ್ನಿಸುತ್ತದೆ.

ಆಮೇಲೆ ಒಂದರ ಮೇಲೊಂದು ಪೆಟ್ಟು. ಸಹೋದರ ಮುಬಶ್ಶಿರ್ ನಂಬಿಸಿ ದೊಡ್ಡ ಮೊತ್ತವನ್ನು ಲಪಟಾಯಿಸಿದ. ಆಸರೆಯಾಗಿದ್ದ ಮದ್ಮೂನ್ 1151ರಲ್ಲಿ ತೀರಿಕೊಂಡ. ಎಲ್ಲಕ್ಕಿಂತ ಮಿಗಿಲಾಗಿ, ಗಂಡುಮಕ್ಕಳು ಯಾರೂ ಉಳಿಯಲಿಲ್ಲ. ಮಗನ ಸಾವನ್ನು ತಿಳಿಸುತ್ತಾ ಸಹೋದರ ಯೂಸುಫನಿಗೆ ಬರೆದ ಪತ್ರದಲ್ಲಿ, ಆ ಮಗುವನ್ನು ವರ್ಣಿಸಲು ತನಗೆ ಮಾತು ಸಾಲದು ಎಂಬರ್ಥದಲ್ಲಿ ಬರೆದು ಮುಂದೆ ಸಾಗುತ್ತಾನೆ. ಅಷ್ಟು ಬರೆಯಬಲ್ಲ ಕವಿ ಅಲ್ಲಿ ಸೋತುಹೋಗಿದ್ದಾನೆ.

ಉಳಿದವಳು ಮಗಳು ಸಿತ್ ಅಲ್-ದಾರ್ ಒಬ್ಬಳೇ. ತಂದೆ ಯೆಮೆನ್‌ನ ಒಳನಾಡಿನಲ್ಲಿ ವ್ಯಾಪಾರದಲ್ಲಿದ್ದ ಮೂರು ವರ್ಷ ಆಕೆ ಏಡನ್‌ನ ದೊಡ್ಡ ಮನೆತನವೊಂದರ ಆಶ್ರಯದಲ್ಲಿದ್ದಳು. ಆ ಮನೆಯವರು ತಮ್ಮ ಮಗನಿಗೆ ಆಕೆಯನ್ನು ಕೇಳಿದರು. ಗಂಡು ದಿಕ್ಕಿಲ್ಲದ ತಂದೆಗೆ ಇದಕ್ಕಿಂತ ಒಳ್ಳೆಯ ಸಂಬಂಧ ಎಲ್ಲಿ ಸಿಗಬೇಕು? ಬೆನ್ ಯಿಜು ಒಪ್ಪಲಿಲ್ಲ. ಎಲ್ಲವನ್ನೂ ಕಳೆದುಕೊಂಡು ಸಿಸಿಲಿಯಲ್ಲಿ ನೆಲೆಸಿದ್ದ ಯೂಸುಫನ ಹಿರಿಯ ಮಗ ಪೆರಹ್ಯಾನಿಗೇ ಕೊಡುವುದೆಂದು ನಿಶ್ಚಯಿಸಿದ. ಒಬ್ಬ ಸಹೋದರ ಮೋಸ ಮಾಡಿದ ಮೇಲೂ ಇನ್ನೊಬ್ಬನ ಮನೆಯನ್ನು ಆತ ದೂರ ಮಾಡಲಿಲ್ಲ. ಹೆಣ್ಣುಮಗಳ ಇಷ್ಟ ಏನಿತ್ತು ಎಂದು ಇಂದು ನಾವು ಕೇಳುತ್ತೇವೆ. ಆ ಕಾಲದ ಪತ್ರಗಳು ಅದನ್ನು ಕೇಳುವುದಿಲ್ಲ.

ಬೆನ್ ಯಿಜು ಮಗಳೊಂದಿಗೆ ಈಜಿಪ್ಟಿಗೆ ಹೋಗಿ ಹಳೆಯ ಕೈರೊ, ಅಂದರೆ ಫುಸ್ತಾತ್‌ನಲ್ಲಿ ನೆಲೆ ನಿಂತ. ಅದೇ ಫುಸ್ತಾತ್‌ನಲ್ಲಿ ಕೆಲವು ವರ್ಷಗಳ ಬಳಿಕ ಮಹಾಪಂಡಿತ ಮೈಮೊನಿಡೀಸ್ ಬಂದು ನೆಲೆಸಿದರು. ಅವರ ತಮ್ಮ ದಾವೀದ ವ್ಯಾಪಾರಕ್ಕೆಂದು ಹೊರಟು ನಮ್ಮ ಇದೇ ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತಾಗ, ಆ ಜ್ಞಾನಿ ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ವಿಶ್ವಾಸವುಳ್ಳವರೂ ಕುಸಿಯುತ್ತಾರೆ. ಮೈಮೊನಿಡೀಸ್ ಎದ್ದು ವೈದ್ಯವೃತ್ತಿ ಹಿಡಿದು ತಮ್ಮನ ಹೆಂಡತಿ ಮಗಳನ್ನು ಸಾಕಿದರು.

1156ರಲ್ಲಿ ಫುಸ್ತಾತ್‌ನಲ್ಲಿ ಸಿತ್ ಅಲ್-ದಾರ್ ಮತ್ತು ಪೆರಹ್ಯಾರ ಮದುವೆ ನಡೆಯಿತು. ಮಂಗಳೂರಿನ ಮನೆಯಲ್ಲಿ ಬೆಳೆದ ಹುಡುಗಿಗೆ ಕೊಟ್ಟ ಒಡವೆ ವಸ್ತುಗಳ ಪಟ್ಟಿ ಉಳಿದಿದೆ. ಉಳಿಯಲು ಕಾರಣ, ದೇವರ ಹೆಸರಿರಬಹುದಾದ ಯಾವ ಕಾಗದವನ್ನೂ ಸುಡಬಾರದು, ಹರಿದೆಸೆಯಬಾರದು ಎಂಬ ಯೆಹೂದ್ಯರ ಪದ್ಧತಿ. ಅಂಥ ಕಾಗದಗಳನ್ನು ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗಿನ ಒಂದು ಕೋಣೆಯಲ್ಲಿ ಹಾಕುತ್ತಾ ಬಂದಿದ್ದರು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಅವುಗಳ ದೊಡ್ಡ ಪಾಲನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಒಯ್ದರು. ಎಸ್. ಡಿ. ಗೊಯ್ಟೀನ್ ವರ್ಷಗಟ್ಟಲೆ ಕುಳಿತು ಅವುಗಳ ನಡುವಿನಿಂದ ಬೆನ್ ಯಿಜುವನ್ನು ಹುಡುಕಿ ತೆಗೆದರು. ಮೆಣಸಿನ ಲೆಕ್ಕ, ಹಿತ್ತಾಳೆ ಪಾತ್ರೆಯ ಅಳತೆ, ಬೊಮ್ಮನಿಗೆ ಹೇಳಿ ಕಳುಹಿಸಿದ ವಂದನೆ, ಎಲ್ಲವೂ ಹಾಗೆ ಸಿಕ್ಕಿದ್ದು.